ರೊಟ್ಟಿ ಪರೀಕ್ಷೆಯಲ್ಲಿ ನನ್ನ ಪೂರ್ಣಾಂಕ

ಅಂಕ ಸುಳ್ಳು ಹೇಳುವುದಿಲ್ಲ. ಕಲಘಟಗಿಯ ನಿವೃತ್ತ ಹೆಡ್‌ಮಾಸ್ತರನಾದ ನನ್ನ ದೃಢ ಅಭಿಪ್ರಾಯವಿದು. ಆದ್ದರಿಂದ ಮೊಮ್ಮಗಳು ಸಾವಿತ್ರಿ ವಿಜ್ಞಾನದಲ್ಲಿ ಇಪ್ಪತ್ತೈದಕ್ಕೆ ಏಳು ತಂದ ದಿನವೇ ಅವಳ ರಜೆಗೆ ಆದೇಶ ಹೊರಡಿಸಿದೆ: "ಸೂಟ್ಯಾಗ ಅಳ್ನಾವರದ ಅತ್ತಿ ಮನಿ ರದ್ದು. ದಿನಾ ನಸಕಿನ್ಯಾಗ ನನ್ನ ಹತ್ರ ಪಾಠ!"

ಹುಡುಗಿಯ ಕಣ್ಣು ತುಂಬಿತು. ನನ್ನ ಹೆಂಡತಿ ಶಾಂತಾ ಉತ್ತರಪತ್ರಿಕೆ ಕಿತ್ತುಕೊಂಡಳು.

"ನೀರು ಆವಿ ಆದ್ರ ಏನಾಗತೈತಿ ಅಂತ ಕೇಳ್ಯಾರ. ರೊಟ್ಟಿ ಉಬ್ಬತೈತಿ ಅಂತ ಬರದಾಳ. ತಪ್ಪೇನ್ರಿ?"

"ಪುಸ್ತಕದಾಗ ರೊಟ್ಟಿ ಇಲ್ಲ!"

"ಹಂಗಾರ ರೊಟ್ಟಿ ಮ್ಯಾಲೆ ನಿಮಗ ಪರೀಕ್ಷಾ ಇಡತೀನಿ. ಪಾಸಾದ್ರ ಪಾಠ, ನಪಾಸಾದ್ರ ಅಳ್ನಾವರ."

ಒಪ್ಪಿದೆ. ಅವಳು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿದೆ. ಎಸರು ಹಾಕುವುದು, ನಾದುವುದು, ಬಡಿಯುವುದು, ಮೇಲೆ ನೀರು ಸವರುವುದು, ಎಲ್ಲವನ್ನೂ ಅನುಕ್ರಮವಾಗಿ ಬರೆದುಕೊಟ್ಟೆ. ಅಂಚು ಬಿಟ್ಟು, ಗೆರೆ ಎಳೆದು!

"ಇಪ್ಪತ್ತೈದಕ್ಕ ಇಪ್ಪತ್ತೈದು" ಎಂದಳು ಶಾಂತಾ. ನಾನು ಮೀಸೆ ತಿರುವಿದೆ.

"ಇನ್ನ ಪ್ರಾಕ್ಟಿಕಲ್. ಇವತ್ತಿನ ರೊಟ್ಟಿ ನಿಮ್ಮವ."

ಹಿಟ್ಟಿಗೆ ಎಸರು ಹಾಕಿದೆ, ಗಂಜಿಯಾಯಿತು. ಹಿಟ್ಟು ಸೇರಿಸಿದೆ, ಕಲ್ಲಾಯಿತು. ನೀರು ಹಾಕಿದೆ; ಮತ್ತೆ ಗಂಜಿ. ಹೀಗೆ ಗಂಜಿಗೂ ಕಲ್ಲಿಗೂ ನಡುವೆ ಓಡಾಡುವಷ್ಟರಲ್ಲಿ ಡಬ್ಬಿಯ ಹಿಟ್ಟೆಲ್ಲ ನಾದುವ ಪರಾತಕ್ಕೆ ಬಂದಿತ್ತು!

ಬಡಿಯತೊಡಗಿದೆ. ಪಕ್ಕದ ಮನೆಯ ಬಸಣ್ಣ ಕಿಟಕಿಯಲ್ಲಿ ಇಣುಕಿದ. "ಸರ, ಗ್ವಾಡಿ ಕೆಡವಾಕ ಹತ್ತೀರೇನ್ರಿ?"

"ಪರೀಕ್ಷಾ ನಡದೈತಿ. ಗದ್ದಲ ಮಾಡಬ್ಯಾಡ!"

ರೊಟ್ಟಿ ಹಂಚಿಗೆ ಅಂಟಿತು. ಎಬ್ಬಿಸಲು ಹೋದರೆ ಮೂರು ತುಂಡಾಯಿತು. ಒಂದು ಒಲೆಗೆ ಬಿತ್ತು, ಇನ್ನೊಂದು ನನ್ನ ಧೋತರಕ್ಕೆ. ಮೂರನೆಯದು ಎಲ್ಲಿ ಹೋಯಿತೋ ಇಂದಿಗೂ ತಿಳಿದಿಲ್ಲ!

"ಅಜ್ಜಾ, ಉರಿ ಸಣ್ಣ ಮಾಡು, ಸುಡಾಕತ್ತೈತಿ" ಎಂದಳು ಸಾವಿತ್ರಿ.

"ಪರೀಕ್ಷಾ ಕೋಣ್ಯಾಗ ಹೇಳಿಕೊಡೂದು ಅಪರಾಧ!" ಎಂದು ಗದರಿದೆ.

ಹೊಗೆ ಅದನ್ನು ಕೇಳಲಿಲ್ಲ. ಪರೀಕ್ಷಾರ್ಥಿ, ಪರೀಕ್ಷಕಿ, ಮೊಮ್ಮಗಳು, ಮೂವರೂ ಕೆಮ್ಮುತ್ತ ಅಂಗಳಕ್ಕೆ ಓಡಿದೆವು.

ಕಟ್ಟೆಯ ಮೇಲೆ ಕೂತು, ಹಸಿವು ತಾಳದೆ ಕೇಳಿದೆ: "ಶಾಂತಾ, ಉಣ್ಣಾಕ ಏನೈತಿ?"

ಅವಳು ಒಳಗೆ ಹೋಗಿ, ತಾಟಿನಲ್ಲಿ ನನ್ನ ಉತ್ತರಪತ್ರಿಕೆಯನ್ನಿಟ್ಟು ತಂದಳು. "ಪೂರ್ಣ ಅಂಕ ಅದಾವ ನೋಡ್ರಿ. ಹೊಟ್ಟಿತುಂಬ ಉಣ್ರಿ!"

ಮರುದಿನ ಸಾವಿತ್ರಿ ನಗುನಗುತ್ತ ಅಳ್ನಾವರದ ಬಸ್ಸು ಹತ್ತಿದಳು. ನಸುಕಿನ ತರಗತಿ ಮಾತ್ರ ರದ್ದಾಗಲಿಲ್ಲ. ಗುರುಗಳು ಶಾಂತಾ, ವಿದ್ಯಾರ್ಥಿ ನಾನು. ಇನ್ನೂ ಹಿಟ್ಟು ನಾದುವುದರಲ್ಲೇ ನಪಾಸು!