ಏಳನೆಯ ಬಳಿ

ಯಾವ ಬಳಿ ಬಲಿಷ್ಠ ಎಂಬ ವಿಷಯದಲ್ಲಿ ಅಂತಿಮ ತೀರ್ಪು ಕೊಡುವ ಅರ್ಹತೆ ಇಡೀ ಮೂಡುಬಿದಿರೆಯಲ್ಲಿ ನನಗೊಬ್ಬಳಿಗೇ ಇದೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆಗ ನನಗೆ ಇಪ್ಪತ್ತೊಂದು ವರ್ಷ. ಅಣ್ಣ ದಿನಕರ ಬಸ್ ನಿಲ್ದಾಣದ ಹತ್ತಿರ ಟೈಪಿಂಗ್ ಅಂಗಡಿ ಇಟ್ಟಿದ್ದ. ನಾನು ಅವನ ಸಹಾಯಕಿ. ಗಿರಾಕಿ ಬಾರದ ಮಧ್ಯಾಹ್ನಗಳಲ್ಲಿ ನಾವಿಬ್ಬರೂ ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಿದ್ದೆವು. ಮಂತ್ರವಾದಿಗಳು, ಕತ್ತಿವೀರರು, ರಾಕ್ಷಸರು ತುಂಬಿದ ಆಟ. ಮಂತ್ರವಾದಿ ಎಂದರೆ ಒಂದೇ ಥರ ಅಲ್ಲ. ಅವರೊಳಗೆ ಏಳು ಪಂಗಡ.

ಈ ಪಂಗಡಗಳಲ್ಲಿ ಯಾವುದು ಮೇಲು ಎಂದು ನನಗೂ ಅಣ್ಣನಿಗೂ ದಿನವೂ ಚರ್ಚೆ. ಅಣ್ಣ ಯಾವಾಗಲೂ ಮದ್ದು ಮಾಡುವವನನ್ನೇ ಆರಿಸುತ್ತಿದ್ದ. ನನಗೆ ಅದು ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ವಾದವನ್ನು ಒಮ್ಮೆಗೇ ಮುಗಿಸಬೇಕೆಂದು ನಾನು ಒಂದು ಪಟ್ಟಿ ಟೈಪ್ ಮಾಡಿದೆ. 'ಉಪವರ್ಗ' ಎಂದು ಬರೆದರೆ ಸರಕಾರಿ ಅರ್ಜಿಯ ಹಾಗೆ ಕಾಣುತ್ತದೆ. ನಮ್ಮವರೊಳಗೆ ತಾಯಿಯ ಕಡೆಯಿಂದ ಬರುವ ಬೇರೆ ಬೇರೆ ಬಳಿಗಳು, ಅಂದರೆ ಗೋತ್ರದಂಥ ಕುಲಗಳು, ಇರುತ್ತವಲ್ಲ, ಇದೂ ಹಾಗೆಯೇ ಎಂದು ಹೊಳೆಯಿತು. ದಪ್ಪ ಅಕ್ಷರದಲ್ಲಿ ತಲೆಬರಹ ಕೊಟ್ಟೆ: 'ಬಳಿಗಳ ಬಲಾಬಲ ನಿರ್ಣಯ'.

ನನ್ನ ಬುದ್ಧಿಗೆ ನಾನೇ ಮೆಚ್ಚಿದೆ!

ಒಂದನೆಯ ಸ್ಥಾನ, ಸತ್ತವರನ್ನು ಎಬ್ಬಿಸುವ ಬಳಿ. ಇವರ ಎದುರು ಯಾರೂ ನಿಲ್ಲಲಾರರು. ಎರಡನೆಯ ಸ್ಥಾನ, ಬೆಂಕಿ ಹಾಕುವ ಬಳಿ. ಇವರು ಹೋದ ಊರಿನಲ್ಲಿ ಹುಲ್ಲೂ ಉಳಿಯುವುದಿಲ್ಲ. ಹೀಗೆ ಇಳಿಯುತ್ತಾ ಹೋಗಿ ಕೊನೆಯ, ಏಳನೆಯ ಸ್ಥಾನದಲ್ಲಿ ಬರೆದೆ: 'ಮದ್ದಿನ ಬಳಿ, ಅಂದರೆ ದಿನಕರನದ್ದು. ಹೊಡೆಯಲು ಬರುವುದಿಲ್ಲ. ಎಲ್ಲರ ಹಿಂದೆ ನಿಂತು ಬೇರೆಯವರ ಗಾಯ ವಾಸಿ ಮಾಡುವುದೊಂದೇ ಕೆಲಸ. ಬೇಗ ಸಾಯುತ್ತಾರೆ.'

ಅಣ್ಣ ಓದಿ ನಕ್ಕು, ಹಾಳೆಯನ್ನು ಒಂದು ಬದಿ ಖಾಲಿ ಇರುವ ಕಾಗದಗಳ ಟ್ರೇಗೆ ಹಾಕಿದ.

ಅದೇ ವಾರ ಅಣ್ಣನಿಗೆ ನಾರಾವಿಯ ಒಂದು ಸಂಬಂಧ ಬಂತು. ಹುಡುಗಿ ಸುಮತಿ, ಕನ್ನಡ ಟೀಚರ್. ಅದಕ್ಕೆ ಮೊದಲು ನಾಲ್ಕು ಕಡೆ ಮಾತು ಮುರಿದಿತ್ತು. ಇದೂ ತಪ್ಪಿದರೆ ಇನ್ನು ಯಾರ ಮನೆಗೂ ಬರುವುದಿಲ್ಲ ಎಂದು ಅಣ್ಣ ಅಮ್ಮನಿಗೆ ಹೇಳಿಬಿಟ್ಟಿದ್ದ. ಅವನ ಬಯೋಡಾಟಾ ಮುದ್ರಿಸಿ ಕಳುಹಿಸುವ ಮಹತ್ತರ ಜವಾಬ್ದಾರಿ ನನ್ನ ಮೇಲೆ ಬಿತ್ತು. ಒಳ್ಳೆಯ ಕಾಗದ ಮುಗಿದಿತ್ತು. ಟ್ರೇಯಿಂದ ಒಂದು ಹಾಳೆ ತೆಗೆದೆ. ಮುದ್ರಿಸಿದೆ. ಅಕ್ಷರಗಳು ಮುತ್ತಿನಂತೆ ಬಂದವು. ಲಕೋಟೆಗೆ ಹಾಕಿ, ನಾರಾವಿ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟು, ಜೋಪಾನ ಎಂದು ಎರಡು ಸಲ ಹೇಳಿದೆ.

ಹಾಳೆಯ ಹಿಂಬದಿ ಮಾತ್ರ ನೋಡಲಿಲ್ಲ.

ನಾಲ್ಕನೆಯ ದಿನ ಅಲ್ಲಿಂದ ಫೋನ್ ಬಂತು. ಹುಡುಗಿಯನ್ನು ನೋಡಲಿಕ್ಕೆ ಬನ್ನಿ, ಒಂದು ವಿಷಯ ಕೇಳಲಿಕ್ಕೂ ಉಂಟು ಎಂದರಂತೆ. ಅಮ್ಮ, ಅಣ್ಣ, ನಾನು ಹೋದೆವು. ಬೆಲ್ಲದ ತುಂಡು, ನೀರು ಕೊಟ್ಟರು. ಹುಡುಗಿಯ ಸೋದರಮಾವ ಕನ್ನಡಕ ಹಾಕಿಕೊಂಡು ಜೇಬಿನಿಂದ ಹಾಳೆ ತೆಗೆದರು. ಬಿಡಿಸಿದರು. ತಿರುಗಿಸಿದರು. ಹಿಂಬದಿಯಲ್ಲಿ ನನ್ನ ದಪ್ಪ ಅಕ್ಷರದ ತಲೆಬರಹ ಕಂಡಿತು.

"ಎಲ್ಲ ಓದಿದೆ. ಇದರಲ್ಲಿ ನಮ್ಮ ಬಳಿ ಎಷ್ಟನೆಯದ್ದು? ಕಾಣುವುದೇ ಇಲ್ಲವಲ್ಲ" ಎಂದರು.

ಅಮ್ಮನಿಗೆ ಏನೂ ಅರ್ಥವಾಗಲಿಲ್ಲ. ಅಣ್ಣನಿಗೆ ಎಲ್ಲವೂ ಅರ್ಥವಾಯಿತು. ಪರಿಸ್ಥಿತಿಯನ್ನು ಸುಧಾರಿಸುವ ಸದುದ್ದೇಶದಿಂದ ನಾನು ಬಾಯಿ ತೆರೆದೆ. ಇದು ಮನುಷ್ಯರ ಬಳಿ ಅಲ್ಲ, ಕಂಪ್ಯೂಟರಿನ ಒಳಗಿನದ್ದು ಎಂದೆ.

"ಒಳಗೆ ಸತ್ತವರನ್ನು ಎಬ್ಬಿಸುವವರು ಉಂಟಾ?"

"ಉಂಟು. ಹನ್ನೆರಡನೇ ಮಟ್ಟ ದಾಟಿದರೆ ಒಮ್ಮೆಗೇ ಆರು ಮಂದಿಯನ್ನು ಎಬ್ಬಿಸಬಹುದು" ಎಂದುಬಿಟ್ಟೆ. ಸುಮ್ಮನಿರಬಾರದೇ? ಅಮ್ಮ ನನ್ನ ಕಾಲು ತುಳಿದರು. ಮಾವ ಹಾಳೆಯನ್ನು ಸ್ವಲ್ಪ ದೂರ ಹಿಡಿದುಕೊಂಡರು.

"ಇದನ್ನು ಬರೆದದ್ದು ಯಾರು ಮಾರಾಯ್ರೆ?"

ಬಾಗಿಲ ಹತ್ತಿರ ಸುಮತಿ ನಿಂತಿದ್ದರು. ನಾನು ಎಂದು ಹೇಳಬೇಕಿತ್ತು. ಎರಡಕ್ಷರದ ಮಾತು. ನಾನು ನೆಲ ನೋಡಿದೆ.

"ನಾನೇ" ಎಂದ ಅಣ್ಣ.

"ನಿಮ್ಮನ್ನು ನೀವೇ ಕೊನೆಗೆ ಹಾಕಿದ್ದಾ?"

"ಹೌದು. ಕೊನೆಗೂ ಒಬ್ಬ ಬೇಕಲ್ಲ."

ಕಿವಿಯವರೆಗೆ ಕೆಂಪಾಗಿದ್ದ ಅವನು ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನಾನೇನು ಮಾಡಿದೆ? ಇನ್ನೊಂದು ತುಂಡು ಬೆಲ್ಲ ತೆಗೆದುಕೊಂಡೆ.

ಬಸ್ಸಿನಲ್ಲಿ ಅಮ್ಮ ಮೂಡುಬಿದಿರೆಯವರೆಗೂ ಬೈದರು, ನನ್ನನ್ನಲ್ಲ, ಅವನನ್ನು. ಮೂವತ್ತರ ಹತ್ತಿರ ಬಂದ ಗಂಡಸು ಮಕ್ಕಳಾಟ ಆಡುವುದೇ ಎಂದರು. ಅವನು ಕಿಟಕಿಯ ಹೊರಗೆ ನೋಡುತ್ತಾ ಹೂಂ ಎನ್ನುತ್ತಿದ್ದ. ಮನೆಗೆ ಬಂದ ಮೇಲಾದರೂ ನಿಜ ಹೇಳುವ ಎಂದುಕೊಂಡೆ. ನಾಳೆ ಎಂದುಕೊಂಡೆ. ಮೂರನೆಯ ದಿನ ಹುಡುಗಿಗೆ ಒಪ್ಪಿಗೆ ಎಂದು ನಾರಾವಿಯಿಂದ ಫೋನ್ ಬಂದಾಗ, ಇನ್ನು ಹೇಳುವ ಅಗತ್ಯವೇನು ಎಂದುಕೊಂಡೆ!

ಆರು ವರ್ಷ ಹಾಗೆಯೇ ಅಂದುಕೊಂಡೆ. ಹೋದ ಮಳೆಗಾಲದಲ್ಲಿ ಜ್ವರವೆಂದು ಮಲಗಿದ ಅಣ್ಣ ಆರನೆಯ ದಿನ ಹೋಗಿಬಿಟ್ಟ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ ಪಟ್ಟಿಯಲ್ಲಿ ಅವನ ಬಳಿಯ ಬಗ್ಗೆ ನಾನು ಟೈಪ್ ಮಾಡಿದ ಆ ಕೊನೆಯ ಎರಡು ಶಬ್ದ ನೆನಪಾದವು. ಅವುಗಳನ್ನು ಯಾವ ಟ್ರೇಗೆ ಹಾಕಲಿ?

ಕಳೆದ ತಿಂಗಳು ಅವನ ವರ್ಷದ ಕಾರ್ಯ. ನೆಂಟರು ಊಟ ಮುಗಿಸಿ ಹೋದರು. ಹಿತ್ತಿಲಲ್ಲಿ ನಾನೂ ಸುಮತಿ ಅತ್ತಿಗೆಯೂ ಪಾತ್ರೆ ತೊಳೆಯುತ್ತಿದ್ದೆವು. ಅನ್ನದ ಪಾತ್ರೆಯ ಒಳಗೆ ತಲೆ ಹಾಕಿಕೊಂಡೇ ಹೇಳಿದೆ. ಮುಖ ನೋಡಿ ಹೇಳುವ ಧೈರ್ಯ ಆಗಲೂ ಬರಲಿಲ್ಲ. ಆ ಪಟ್ಟಿ ಬರೆದದ್ದು ನಾನು, ಅಣ್ಣ ಸುಳ್ಳು ಹೇಳಿದ, ನಾನು ಬೆಲ್ಲ ತಿಂದೆ ಎಂದೆ.

ಅತ್ತಿಗೆ ನೀರು ಹೊಯ್ಯುವುದನ್ನು ನಿಲ್ಲಿಸಿದರು.

"ಗೊತ್ತುಂಟು ವನಿತಾ. ಅವತ್ತೇ ಗೊತ್ತಿತ್ತು. ತನ್ನದಲ್ಲದ ತಪ್ಪನ್ನು ಹಾಗೆ ಮೈಮೇಲೆ ಹಾಕಿಕೊಳ್ಳುವವರು ಯಾರಿದ್ದಾರೆ? ಅದಕ್ಕೇ ಒಪ್ಪಿದ್ದು."

ನನಗೆ ಅಳು ಬಂತು. ಪಾತ್ರೆಯೊಳಗೆ ಅತ್ತರೆ ಶಬ್ದ ದೊಡ್ಡದಾಗಿ ಕೇಳುತ್ತದೆ ಎಂಬುದು ಅಂದು ತಿಳಿಯಿತು. ಸ್ವಲ್ಪ ಹೊತ್ತಿನ ಮೇಲೆ, ನಿಮಗೆ ಗೊತ್ತಾದದ್ದು ಹೇಗೆ, ನನ್ನ ಮುಖ ನೋಡಿಯೇ ಎಂದು ಕೇಳಿದೆ. ನನ್ನ ಮುಖದಲ್ಲಿ ಕನಿಷ್ಠ ಪಶ್ಚಾತ್ತಾಪವಾದರೂ ಕಂಡಿರಬೇಕು ಎಂಬ ಆಸೆ.

"ಮುಖ ಯಾರು ನೋಡಿದರು? ಏಳು ಕಡೆ 'ಸ್ಥಾನ' ಅಂತ ಬರೆಯಲಿಕ್ಕಿತ್ತು, ಏಳು ಕಡೆಯೂ 'ಸ್ತಾನ' ಅಂತ ಬರೆದಿದ್ದಿ. ಅವರು ಹಾಗೆ ಟೈಪ್ ಮಾಡುತ್ತಿದ್ದರೆ ಅಂಗಡಿ ಉಳಿಯುತ್ತಿತ್ತಾ?" ಎಂದು ಅತ್ತಿಗೆ ಪಾತ್ರೆಗೆ ನೀರು ಹೊಯ್ದರು.