ಗಾಳಿಯಂತ್ರದ ನಡುಕ ಮತ್ತು ಅಂಗೈ ಸರದಿಯ ರದ್ದತಿ

ದುರಸ್ತಿ ಮತ್ತು ನಿರ್ವಹಣಾ ಇಲಾಖೆ
ಮರಗೆಲಸ ಕಾರ್ಯಾಗಾರ, ನೆಲಮಹಡಿ

ಸಂಖ್ಯೆ: ದುನಿಇ/ಮರ/ನಡುಕ/04/ತಿದ್ದುಪಡಿ-3
ದಿನಾಂಕ: ಶುಕ್ರವಾರ, ಬೆಳಗಿನ ಚಹಾದ ನಂತರ

ಸುತ್ತೋಲೆ

ವಿಷಯ: ಕಾರ್ಯಾಗಾರದ ಸೂರಿಗೆ ತೂಗುಹಾಕಿರುವ ಗಾಳಿ ಶುದ್ಧೀಕರಣ ಯಂತ್ರದ ನಡುಕವು ಪೂರ್ವಾನುಮತಿಯಿಲ್ಲದೆ ನಿಂತುಹೋಗಿರುವ ಬಗ್ಗೆ, ಮತ್ತು ನಾಳೆ ಸದರಿ ಯಂತ್ರವನ್ನು ಇಳಿಸಲು ಬರುವವರೊಂದಿಗೆ ಸಿಬ್ಬಂದಿ ನಡೆದುಕೊಳ್ಳಬೇಕಾದ ರೀತಿಯ ಬಗ್ಗೆ.

ಉಲ್ಲೇಖ: 1) ಮೇಲ್ಮಹಡಿಯ ನಕ್ಷೆ ವಿಭಾಗದ ದೂರು (ಅಕ್ಷರಗಳು ಅಲುಗಿರುವುದರಿಂದ ದಿನಾಂಕ ಓದಲಾಗಿಲ್ಲ).
2) ಈ ಕಚೇರಿಯ ‘ಅಂಗೈ ಸುತ್ತೋಲೆ’.
3) ಈ ಕಚೇರಿಯ ‘ಭಾರ ಸುತ್ತೋಲೆ’.
4) ಯಂತ್ರ ಇಳಿಸುವ ಆದೇಶ.

ಪ್ರಸ್ತಾವನೆ:

ಮರದ ಹೊಟ್ಟು ಮತ್ತು ಧೂಳನ್ನು ಹೀರಿ ಗಾಳಿಯನ್ನು ಶುದ್ಧಗೊಳಿಸುವ ಸಲುವಾಗಿ, ದೊಡ್ಡ ಪೆಟ್ಟಿಗೆಯ ಗಾತ್ರದ ಯಂತ್ರವೊಂದನ್ನು ನಾಲ್ಕು ತಿಂಗಳ ಹಿಂದೆ ಈ ಕಾರ್ಯಾಗಾರದಲ್ಲಿ ನಾಲ್ಕು ಕೊಕ್ಕೆಗಳಿಂದ ತೂಗುಹಾಕಲಾಗಿದ್ದು, ಅದು ಧೂಳನ್ನು ತೃಪ್ತಿಕರವಾಗಿ ಹೀರುತ್ತಿದ್ದರೂ ಮೂರನೇ ವಾರದಿಂದ ನಡುಗಲು ಆರಂಭಿಸಿತು. ಕಾರ್ಯಾಗಾರದ ಸೂರೇ ನಕ್ಷೆ ವಿಭಾಗದ ನೆಲವಾಗಿರುವುದರಿಂದ ಸದರಿ ನಡುಕವು ಮೇಲಕ್ಕೆ ರವಾನೆಯಾಗಿ, ನೇರ ರಸ್ತೆಯೊಂದು ನಕ್ಷೆಯಲ್ಲಿ ಹನ್ನೊಂದು ತಿರುವುಗಳನ್ನು ಪಡೆದಿದೆ. ನಕ್ಷೆಗಾರರು ತಮ್ಮ ದೂರಿನಲ್ಲಿ, “ನಾನು ಗೆರೆ ಎಳೀತೀನಿ, ಅದು ಹಾವಾಗಿ ಹರಿದು ಹೋಗುತ್ತೆ. ಒಂದೋ ಆ ಡಬ್ಬಿ ಇಳಿಸಿ, ಇಲ್ಲಾ ನನ್ನನ್ನ ಇಳಿಸಿ” ಎಂದು ನಮೂದಿಸಿರುತ್ತಾರೆ. ಮೊದಲನೆಯದು ಸುಲಭವೆಂದು ಕಂಡುಬಂದು ಉಲ್ಲೇಖ 4ರ ಆದೇಶ ಹೊರಟಿರುತ್ತದೆ.

ಆದರೆ ಯಂತ್ರವನ್ನು ಇಳಿಸಿದಲ್ಲಿ ದೊಡ್ಡ ಮೇಸ್ತ್ರಿಯವರು ಕಾರ್ಯಾಗಾರ ಬಿಡಬೇಕಾಗುತ್ತದೆ. ಮೂವತ್ತೊಂದು ವರ್ಷ ಹೊಟ್ಟು ಕುಡಿದಿರುವ ಅವರ ಎದೆಯನ್ನು ಪರೀಕ್ಷಿಸಿದ ವೈದ್ಯರು, ಶುದ್ಧ ಗಾಳಿ ಇಲ್ಲದ ಕಡೆ ಇನ್ನೊಂದು ದಿನವೂ ಕೆಲಸ ಕೂಡದೆಂದು ಬರೆದುಕೊಟ್ಟಿದ್ದಾರೆ. ಈ ಸಂಬಂಧ ಮೇಸ್ತ್ರಿಯವರ ಪತ್ನಿ ಖುದ್ದು ಹಾಜರಾಗಿ, “ಮೊದಲು ಊಟಕ್ಕೆ ಕೂತ್ರೆ ತುತ್ತಿಗೊಂದು ಕೆಮ್ಮು. ಈಗ ಉಪ್ಪು ಕಮ್ಮಿ ಅಂತ ಗೊಣಗೋವಷ್ಟು ಉಸಿರು ಬಂದಿದೆ. ಆ ಗೊಣಗಾಟ ನಂಗೆ ಬೇಕು ಸ್ವಾಮಿ, ಡಬ್ಬಿ ತೆಗೀಬೇಡಿ” ಎಂದು ನೀಡಿದ ಹೇಳಿಕೆಯನ್ನು ಕಡತದಲ್ಲಿ ಲಗತ್ತಿಸಲಾಗಿದೆ.

ಆದುದರಿಂದ ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಯಂತ್ರದ ಬಾಗಿಲ ಕಡೆಯ ಮೂಲೆಯ ಮೇಲೆ ಯಾರಾದರೂ ಅಂಗೈ ಇಟ್ಟರೆ ನಡುಕ ನಿಲ್ಲುವುದೆಂಬ ಅನುಭವದ ಮೇರೆಗೆ ಜಾರಿಯಲ್ಲಿದ್ದ ಅಂಗೈ ಸರದಿಯನ್ನು ಈ ಕ್ಷಣದಿಂದ ರದ್ದುಪಡಿಸಲಾಗಿದೆ. ಸರದಿಯವರು ಸ್ಟೂಲಿನಿಂದ ಇಳಿಯತಕ್ಕದ್ದು. ಅಭ್ಯಾಸಬಲದಿಂದ ಈಗಲೂ ಗಂಟೆಗೊಮ್ಮೆ ಸ್ಟೂಲು ಹತ್ತಿ ನಿಲ್ಲುತ್ತಿರುವ ಇಬ್ಬರು ತಮ್ಮ ಅಂಗೈಗಳನ್ನು ತಮ್ಮ ಬಳಿಯೇ ಇಟ್ಟುಕೊಳ್ಳತಕ್ಕದ್ದು. ಒಂದು ಕೈ ಯಂತ್ರದ ಮೇಲೆ, ಇನ್ನೊಂದರಲ್ಲಿ ಚಹಾ ಇದ್ದುದರಿಂದ ಹಾಜರಿ ಪುಸ್ತಕಕ್ಕೆ ಸಹಿ ಮಾಡಲಾಗದೆ ಗೈರುಹಾಜರೆಂದು ದಾಖಲಾದ ಒಂಬತ್ತು ಮಂದಿಯ ಅರ್ಜಿಗಳನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು.

2. ಅಂಗೈಯ ಬದಲಿಗೆ ‘ಸೂಕ್ತ ಭಾರ’ವನ್ನು ತೂಗಬಿಡಬಹುದೆಂದು ಉಲ್ಲೇಖ 3ರಲ್ಲಿ ತಿಳಿಸಲಾಗಿತ್ತೇ ಹೊರತು, ಪ್ರತಿಯೊಬ್ಬರೂ ತೂಗಬಿಡಬೇಕೆಂದು ತಿಳಿಸಿರಲಿಲ್ಲ. ಪ್ರಸ್ತುತ ಯಂತ್ರದಿಂದ ಎರಡು ಹೆಲ್ಮೆಟ್, ಐದು ಊಟದ ಡಬ್ಬಿ, ಒಂದು ಕೊಡೆ ಮತ್ತು ಒಬ್ಬರ ಭಾವಮೈದುನನ ಮದುವೆಯ ಬೂಟುಗಳು ನೇತಾಡುತ್ತಿವೆ. ಇವುಗಳಿಂದ ನಡುಕ ಕಡಿಮೆಯಾಗದೆ, ನಡುಕಕ್ಕೆ ವಾದ್ಯ ಸೇರಿದಂತಾಗಿತ್ತು. ವಾರಸುದಾರರು ಸಂಜೆ ಐದರೊಳಗೆ ಒಯ್ಯತಕ್ಕದ್ದು. ಬೂಟಿನವರು ಮೊದಲು ಒಯ್ಯತಕ್ಕದ್ದು, ಮದುವೆ ಭಾನುವಾರವಿದೆ.

3. ಬುಧವಾರ ಮಧ್ಯಾಹ್ನ, ಕಾರ್ಯಾಗಾರದ ಕಸ ಗುಡಿಸುವ, ಎಲ್ಲರೂ ‘ಅಕ್ಕ’ ಎಂದು ಕರೆಯುವ ಸಿಬ್ಬಂದಿಯು ಯಂತ್ರದ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆರೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಳಗಿನ ಫ್ಯಾನನ್ನು ಶುಚಿಗೊಳಿಸಿರುವುದಲ್ಲದೆ, ಕೊಕ್ಕೆ ಮತ್ತು ಯಂತ್ರದ ನಡುವೆ ಸವೆದ ಚಪ್ಪಲಿಯ ರಬ್ಬರನ್ನು ತುಂಡರಿಸಿ ಇಟ್ಟಿರುವುದು ಗಮನಕ್ಕೆ ಬಂದಿದೆ. ಇದಕ್ಕೆ ಇಪ್ಪತ್ತು ನಿಮಿಷ ತಗುಲಿದೆ. ಅಂದಿನಿಂದ ನಡುಕವಿಲ್ಲ.

ವಿವರಣೆ ಕೇಳಲಾಗಿ ಅಕ್ಕನವರು, “ಅಲ್ಲಾ ಸಾರ್, ಫ್ಯಾನಿನ ಒಂದು ರೆಕ್ಕೆಗೆ ಮಾತ್ರ ಹೊಟ್ಟು, ಪಾಲಿಶ್ ಎಲ್ಲಾ ಸೇರಿ ಇಷ್ಟು ದಪ್ಪ ಮೆತ್ಕೊಂಡಿತ್ತು. ಒಂದು ಕಡೆ ಭಾರ ಆದ್ರೆ ಯಾರೇ ಆದ್ರೂ ವಾಲಾಡ್ತಾರೆ. ಕೆರೆದು ತೆಗೆದೆ. ನೀವೆಲ್ಲ ಮೂರು ತಿಂಗಳು ಅದರ ತಲೆ ನೇವರಿಸ್ತಾ ನಿಂತಿದ್ರಲ್ಲ, ಒಬ್ಬರಾದ್ರೂ ಹೊಟ್ಟೆ ಒಳಗೆ ನೋಡಿದ್ರಾ?” ಎಂದು ಮರುಪ್ರಶ್ನೆ ಹಾಕಿರುತ್ತಾರೆ. ವಿವರಣೆಯನ್ನು ಅಂಗೀಕರಿಸಲಾಗಿದೆ. ಮರುಪ್ರಶ್ನೆಯನ್ನು ಸಂಬಂಧಪಟ್ಟ ವಿಭಾಗಕ್ಕೆ ವರ್ಗಾಯಿಸಲಾಗಿದ್ದು, ಆ ವಿಭಾಗ ಯಾವುದೆಂದು ಹುಡುಕಲಾಗುತ್ತಿದೆ.

4. ಅನುಮತಿಯಿಲ್ಲದೆ ನಡೆದ ದುರಸ್ತಿಯು ನಿಯಮಾನುಸಾರ ಅಸಿಂಧುವಾಗಿದ್ದು, ಯಂತ್ರವು ಈಗಲೂ ನಡುಗುತ್ತಿದೆಯೆಂದೇ ಭಾವಿಸಬೇಕಾಗುತ್ತದೆ. ಹಾಗೆ ಭಾವಿಸಿದಲ್ಲಿ ನಾಳೆ ಯಂತ್ರ ಇಳಿಯುತ್ತದೆ, ಮೇಸ್ತ್ರಿಯವರು ಹೊರಡುತ್ತಾರೆ. ಎರಡು ಸುತ್ತು ಚಹಾದ ಚರ್ಚೆಯ ನಂತರ, ನಡುಕವು ನಿಂತಿದೆಯೆಂದು ಶನಿವಾರ ಸಂಜೆಯವರೆಗೆ ತಾತ್ಕಾಲಿಕವಾಗಿ ಒಪ್ಪಲು ತೀರ್ಮಾನಿಸಲಾಗಿದೆ.

5. ನಡುಕವಿಲ್ಲದಿರುವುದನ್ನು ಖಚಿತಪಡಿಸಿಕೊಳ್ಳಲು ಮೇಲ್ಮಹಡಿಯ ನೆಲದ ಮೇಲೆ ನೀರು ತುಂಬಿದ ಸ್ಟೀಲ್ ಲೋಟವನ್ನಿಟ್ಟು ಮೂವರು ಅಧಿಕಾರಿಗಳು ಸುತ್ತ ಕುಳಿತು ಒಂದು ಗಂಟೆ ನೋಡಿರುತ್ತಾರೆ. ನೀರು ಅಲುಗಿಲ್ಲ. ಅಧಿಕಾರಿಗಳಲ್ಲೊಬ್ಬರು ನೀರಿನಂತೆಯೇ ಅಲುಗದೆ ಇದ್ದುದರಿಂದ ಅವರನ್ನು ಎಬ್ಬಿಸಬೇಕಾಯಿತು. ಬಳಿಕ ನಕ್ಷೆಗಾರರು ಒಂದು ಗೆರೆ ಎಳೆದು, ಅದನ್ನು ಬಹಳ ಹೊತ್ತು ನೋಡಿ, ಅದರ ಪಕ್ಕದಲ್ಲಿ ಬೇಕಿಲ್ಲದಿದ್ದರೂ ಇನ್ನೂ ನಾಲ್ಕು ಎಳೆದಿರುತ್ತಾರೆ. ದೂರನ್ನು ಹಿಂಪಡೆಯಲು ಅವರು ಸಿದ್ಧರಿದ್ದು, ಹಿಂಪಡೆಯುವ ನಮೂನೆ ಮುಗಿದುಹೋಗಿದೆ.

6. ಯಂತ್ರಕ್ಕೆ ದೃಷ್ಟಿ ತಾಗುವಂತೆ ಯಾರೂ ಬಾಯ್ತುಂಬ ಹೊಗಳತಕ್ಕದ್ದಲ್ಲ. “ಎಷ್ಟು ಚೆನ್ನಾಗಿ ಓಡ್ತಿದೆ ನೋಡಿ” ಎನ್ನಬೇಕೆನಿಸಿದವರು ಅಂಗಳಕ್ಕೆ ಹೋಗಿ ಹೇಳಿ ಬರತಕ್ಕದ್ದು.

7. ಉಸಿರು ಮರಳಿದಂದಿನಿಂದ ದೊಡ್ಡ ಮೇಸ್ತ್ರಿಯವರು ಉಜ್ಜುಗೊರಡು ಹಾಕುವಾಗ ಹಾಡುತ್ತಿದ್ದು, ನಾಳೆ ಯಂತ್ರ ಇಳಿಸುವವರು ಬಂದುಹೋಗುವ ಹನ್ನೊಂದು ಗಂಟೆಯವರೆಗೆ ಮೇಲಿನ ಸ್ವರಗಳನ್ನಷ್ಟೇ ಬಳಸಲು ಕೋರಲಾಗಿದೆ. ಅವರ ಕೆಳಗಿನ ಸ್ವರಕ್ಕೆ ಕಿಟಕಿಯ ಗಾಜು ಅದುರುವುದು ದೃಢಪಟ್ಟಿದೆ.

8. ಇನ್ನು ಮುಂದೆ ಪ್ರತಿ ಸೋಮವಾರ ಫ್ಯಾನಿನ ರೆಕ್ಕೆಗಳನ್ನು ಶುಚಿಗೊಳಿಸತಕ್ಕದ್ದು. ಯಂತ್ರ ಶುಚಿಗೊಳಿಸುವ ಕೆಲಸವು ಯಾರ ಕರ್ತವ್ಯಪಟ್ಟಿಯಲ್ಲೂ ಇಲ್ಲದಿರುವುದರಿಂದ ಇದನ್ನು ಪುಸ್ತಕದಲ್ಲಿ ‘ಯಂತ್ರದ ಯೋಗಕ್ಷೇಮ ವಿಚಾರಣೆ’ ಎಂದು ನಮೂದಿಸತಕ್ಕದ್ದು. ವಿಚಾರಣೆಗೆ ಮುನ್ನ ಪ್ಲಗ್ ಕೀಳುವುದು ಕಡ್ಡಾಯ.

9. ಉಲ್ಲೇಖ 4ರ ಆದೇಶಕ್ಕೆ ಸಹಿಯಾಗಿಬಿಟ್ಟಿರುವುದರಿಂದ ಅದನ್ನು ರದ್ದುಪಡಿಸುವ ಅಧಿಕಾರ ಈ ಕಚೇರಿಗಿಲ್ಲ. ನಾಳೆ ಯಂತ್ರ ಇಳಿಸುವ ಏಣಿಯವರು ಬಂದೇ ಬರುತ್ತಾರೆ. ಅವರನ್ನು ಕೂರಿಸಿ, ನೀರು ಕೊಟ್ಟು, ಆದೇಶವನ್ನು ಗಟ್ಟಿಯಾಗಿ ಓದಲು ಹೇಳತಕ್ಕದ್ದು. ಅದರಲ್ಲಿ “ಮರಗೆಲಸ ಕಾರ್ಯಾಗಾರದಲ್ಲಿ ನಡುಗುತ್ತಿರುವ ಯಂತ್ರವನ್ನು ಇಳಿಸತಕ್ಕದ್ದು” ಎಂದಿದೆ. ತದನಂತರ ಸಿಬ್ಬಂದಿಯು ಅವರೊಂದಿಗೆ ಸೇರಿ ನಡುಗುತ್ತಿರುವ ಯಂತ್ರಕ್ಕಾಗಿ ಕಾರ್ಯಾಗಾರವನ್ನೆಲ್ಲ ಪ್ರಾಮಾಣಿಕವಾಗಿ ಹುಡುಕತಕ್ಕದ್ದು. ಮೇಜುಗಳ ಕೆಳಗೂ ನೋಡತಕ್ಕದ್ದು. ಸಿಗದಿದ್ದಲ್ಲಿ ‘ಸದರಿ ಯಂತ್ರವು ಸ್ಥಳದಲ್ಲಿ ಲಭ್ಯವಿಲ್ಲ’ ಎಂದು ಬರೆಸಿಕೊಂಡು ಸಹಿ ಪಡೆಯತಕ್ಕದ್ದು.

10. ಸೂರಿಗೆ ತೂಗುತ್ತಿರುವ, ನಡುಗದ ಯಂತ್ರದ ಬಗ್ಗೆ ಏಣಿಯವರು ಪ್ರಶ್ನಿಸಿದಲ್ಲಿ, ಅಂತಹ ಯಂತ್ರವನ್ನು ಇಳಿಸಲು ಯಾವುದೇ ಆದೇಶ ಹೊರಟಿಲ್ಲವೆಂದೂ, ಆದೇಶವಿಲ್ಲದೆ ಮುಟ್ಟುವುದು ಗಂಭೀರ ಅಪರಾಧವೆಂದೂ ವಿನಯದಿಂದ ತಿಳಿಸತಕ್ಕದ್ದು. ಸದರಿ ಯಂತ್ರವು ಮುಂದಿನ ಆದೇಶದವರೆಗೆ ಅಲ್ಲಿಯೇ ಇರತಕ್ಕದ್ದು. ಮುಂದಿನ ಆದೇಶವನ್ನು ಹೊರಡಿಸುವ ಕಡತವು ಈ ಕಚೇರಿಯಲ್ಲೇ ಇದ್ದು, ಎಲ್ಲಿದೆ ಎಂಬುದು ಯಾರಿಗೂ ಗೊತ್ತಿಲ್ಲ.

ಸಹಿ/-
ಅಧೀಕ್ಷಕರು
ಮರಗೆಲಸ ಕಾರ್ಯಾಗಾರ

ಪ್ರತಿಗಳು:

1. ನಕ್ಷೆ ವಿಭಾಗಕ್ಕೆ, ಹನ್ನೊಂದು ತಿರುವುಗಳನ್ನು ನೇರಗೊಳಿಸುವ ಕ್ರಮಕ್ಕಾಗಿ. (ಏಳನೇ ತಿರುವಿನಲ್ಲಿ ಈಗಾಗಲೇ ಚಹಾದಂಗಡಿಗೆ ಜಾಗ ಗುರುತಿಸಿರುವುದರಿಂದ ಅದೊಂದನ್ನು ಉಳಿಸಿಕೊಳ್ಳಬಹುದು.)
2. ಏಣಿಯವರಿಗೆ, ಬಂದು ಹೋಗುವಂತೆ ಕೋರಿ.
3. ಅಕ್ಕನವರಿಗೆ, ಅನುಮತಿಯಿಲ್ಲದೆ ಮುಂದೆ ಏನನ್ನೂ ಸರಿಪಡಿಸಬಾರದೆಂದು ಎಚ್ಚರಿಸಿ. ಹಾಗೂ ಬಿಡುವಿದ್ದಾಗ ಅಧೀಕ್ಷಕರ ಕೊಠಡಿಯ ಫ್ಯಾನನ್ನು ಒಮ್ಮೆ ನೋಡುವಂತೆ ಕೋರಿ.
4. ದೊಡ್ಡ ಮೇಸ್ತ್ರಿಯವರ ಪತ್ನಿಗೆ, ಮಾಹಿತಿಗಾಗಿ. ಉಪ್ಪಿನ ವಿಷಯ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.
5. ದೊಡ್ಡ ಮೇಸ್ತ್ರಿಯವರಿಗೆ, ಸೋಮವಾರ ಎಂದಿನಂತೆ ಕೆಲಸಕ್ಕೆ ಹಾಜರಾಗಿ ಉಸಿರಾಡುವಂತೆ ಸೂಚಿಸಿ.