ಭಾಷಣದ ಹೊತ್ತಿಗೆ ಬಂದ ಭೂಕಂಪ

ಭೂಕಂಪ ಅಳೆಯುವ ಕೆಲಸಕ್ಕೆ ಸೇರಿದವನಿಗೆ ಭೂಕಂಪವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಆಗುತ್ತಲೇ ಇರುತ್ತದೆ. ಸಾವನದುರ್ಗದ ಕಡೆಯ ಒಂದು ಸಣ್ಣ ಕೇಂದ್ರದಲ್ಲಿ ಯಂತ್ರ ಕಾಯುತ್ತಲೇ ನನ್ನ ಸರ್ವೀಸು ಕಳೆಯಿತು. ನಮ್ಮ ಭೂಫಲಕ ಉತ್ತರಕ್ಕೆ ತಳ್ಳಿಕೊಂಡು ಹೋಗಿ ಹಿಮಾಲಯಕ್ಕೆ ಗುದ್ದುತ್ತದೆ. ಅಲ್ಲಿ ನಡುಗಿದ್ದೂ, ಸಮುದ್ರದಾಚೆ ನಡುಗಿದ್ದೂ ನನ್ನ ಪರದೆಯ ಮೇಲೆ ಗೆರೆಯಾಗಿ ಬರುತ್ತಿತ್ತು. ಮಾಗಡಿಯ ಬಂಡೆ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಯಾರಿಗೂ ಕೆಡುಕಾಗದಂಥ ಒಂದೇ ಒಂದು ಪುಟ್ಟ ಕಂಪನ, ಇಲ್ಲಿಯದೇ, ನಾನಿರುವಾಗ ದಾಖಲಾಗಲಿ ಎನ್ನುವುದೇ ನನ್ನ ಆಸೆಯಾಗಿತ್ತು.

ಎಮ್ಮೆ

ಒಂದು ಮಧ್ಯಾಹ್ನ ಗೆರೆ ಎದ್ದು ಕುಣಿಯಿತು. ಕ್ವಾರಿಯ ಸಿಡಿತವಲ್ಲ, ಅದರ ಗೆರೆ ನನಗೆ ಗೊತ್ತು. ಸಾಹೇಬರಿಗೆ ಫೋನ್ ಮಾಡಿ, "ಬಂತು ಸಾರ್!" ಎಂದು ಕೂಗಿದೆ. ಹೊರಗೆ ಬಂದರೆ ಪಕ್ಕದ ಹೊಲದ ಹೆಂಗಸಿನ ಎಮ್ಮೆ ನಮ್ಮ ಗೋಡೆಗೆ ಬೆನ್ನು ಉಜ್ಜುತ್ತಿತ್ತು.

"ಅತ್ಲಾಗೆ ಹೊಡ್ಕೊಂಡು ಹೋಗಮ್ಮ, ನಿನ್ನ ಎಮ್ಮೆ ಭೂಕಂಪ ಅಂತ ದಾಖಲಾಗೋಗ್ಯದೆ" ಎಂದೆ.

ಅವಳು ಅದರ ಕುತ್ತಿಗೆ ಸವರಿ, "ಕ್ಯಾನ್ ತುಂಬ ಹಾಲು ಕೊಡ್ತದೆ ಸಾಮಿ. ಅದ್ಕೂ ಒಸಿ ಹೆಸ್ರು ಬಂದ್ರೆ ನಿಮ್ಗೇನೋಯ್ತು?" ಎಂದಳು.

ರೇಷ್ಮೆ ಹುಳ

ಹಿಮಾಲಯದ ಕಡೆ ಭೂಮಿ ನಡುಗಿದ ಸುದ್ದಿ ಟೀವಿಯಲ್ಲಿ ಬಂದ ಮಾರನೇ ದಿನ, ರೇಷ್ಮೆ ಬೆಳೆಯುವ ಯಜಮಾನರೊಬ್ಬರು ಬಂದು ಪಿಸುಪಿಸು ಮಾತಾಡತೊಡಗಿದರು. ಪೊರೆ ಬಿಡಲು ಹುಳ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಆಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಉಸಿರೆತ್ತುವಂತಿಲ್ಲ. ಅದೇ ಅಭ್ಯಾಸ ಇಲ್ಲಿಗೂ ಬಂದಿತ್ತು.

"ಹುಳ ನಾಕ್ನೇ ಜ್ವರದಾಗವೆ. ಗೂಡು ಕಟ್ಟೋಗಂಟ ಭೂಕಂಪವ ಒಸಿ ತಡೀರಿ."

"ಅದು ನನ್ನ ಕೈಲಿಲ್ಲ ಯಜಮಾನ್ರೇ. ತರಾಕೂ ಆಗಲ್ಲ, ತಡೆಯಾಕೂ ಆಗಲ್ಲ."

ಅವರು ಮತ್ತೂ ಮೆಲ್ಲಗೆ ಕೇಳಿದರು: "ಮತ್ತೆ ಸಂಬ್ಳ ಯಾತಕ್ಕೆ ಕೊಡ್ತಾರೆ?"



ಬೀಳ್ಕೊಡುಗೆ

ನನ್ನ ನಿವೃತ್ತಿಯ ದಿನ ಕೇಂದ್ರದ ಮುಂದೆಯೇ ಶಾಮಿಯಾನ ಹಾಕಿದ್ದರು. ಆಸೆ ಕೈಗೂಡದೆ ಹೋಗುತ್ತಿದ್ದೇನಲ್ಲ ಎಂದು ಮನಸ್ಸು ಭಾರವಾಗಿತ್ತು. ಸಾಹೇಬರು ಮಾತಿಗೆ ನಿಂತ ಕೂಡಲೇ ಕರೆಂಟ್ ಹೋಯಿತು. ಸ್ವಲ್ಪ ಹೊತ್ತಿಗೆ ಮೈಕಿಗೆ ಮತ್ತೆ ಜೀವ ಬಂತು.

"ಒಂದು ಕಂಪನವೂ ಇವರ ಕಣ್ತಪ್ಪಿಸಿ ಹೋಗಿಲ್ಲ" ಎಂದು ಅವರು ಹೇಳುವಾಗ ನನ್ನ ಕಾಲು ನಡುಗಿತು. ದುಃಖಕ್ಕೆ ಅಂದುಕೊಂಡೆ. ನೋಡಿದರೆ ಶಾಮಿಯಾನದ ಕಂಬಗಳಿಗೂ ದುಃಖವಾಗಿತ್ತು!

ಹಾರ ಹಾಕಿಕೊಂಡೇ ಒಳಗೆ ಓಡಿದೆ. ಪರದೆ ಕಪ್ಪಗಿತ್ತು. ಕರೆಂಟ್ ಹೋದಾಗ ಯಂತ್ರ ನಡೆಸುವ ದೊಡ್ಡ ಬ್ಯಾಟರಿಯ ಜಾಗ ಖಾಲಿ.

"ಬ್ಯಾಟ್ರಿ ಎಲ್ಲೋ?"

ಮೈಕ್‌ಸೆಟ್ಟಿನವನು ಕಿಟಕಿಯಲ್ಲಿ ಇಣುಕಿದ. "ಮೈಕ್‌ಗೆ ಹಾಕಿವ್ನಿ ಸಾ. ನಿಮ್ಮನ್ನ ಹೊಗ್ಳೋದು ಅರ್ಧಕ್ಕೇ ನಿಂತೋಯ್ತದೆ, ಬಿಚ್ಕೋ ಅಂತ ಸಾಹೇಬ್ರೇ ಅಂದ್ರು."

ಕೊರಳ ಹಾರ ತೆಗೆದು ಆ ಕಪ್ಪು ಪರದೆಗೆ ಹಾಕಿದೆ. ಕಾದದ್ದೆಲ್ಲ ನೀರಿನಲ್ಲಿ ಹೋಮವಾಯಿತು.

ಅಷ್ಟರಲ್ಲಿ ನನ್ನ ಹಿಂದೆಯೇ ಒಳಗೆ ಬಂದ ಸಾಹೇಬರಿಗೆ ಹೆಡ್ ಆಫೀಸಿನಿಂದ ಫೋನ್ ಬಂತು. ಮಿಕ್ಕ ಕೇಂದ್ರಗಳಲ್ಲೆಲ್ಲ ಗೆರೆ ಬಂದಿದೆ, ಎಲ್ಲಕ್ಕಿಂತ ಹತ್ತಿರದ ನಿಮ್ಮಲ್ಲಿ ಏನು ದಾಖಲಾಗಿದೆ ಎಂದು ಅವರು ಕೇಳುತ್ತಿದ್ದರು. ಸಾಹೇಬರು ನನ್ನ ಮುಖ ನೋಡಿದರು, ಖಾಲಿ ಜಾಗ ನೋಡಿದರು. ಕೊನೆಗೆ ತಗ್ಗಿದ ದನಿಯಲ್ಲಿ ಹೇಳಿದರು:

"ಕಂಪನದ್ದು ಏನೂ ಇಲ್ಲ ಸಾರ್. ನನ್ನ ಭಾಷಣದ ವಿಡಿಯೋ ಇದೆ, ಕಳಿಸ್ಲಾ?"